ಎಡಿಸಿ ಕೊಳ್ಳುವ ಮುನ್ನ
ಸಾಲಗಾಮೆ ರಸ್ತೆ, ಹಾಸನ

ಚಿರಂಜೀವಿ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಕಾಗದ ತಲುಪಿತು. ಎಡಿಸಿ ಎಂದರೆ ವೋಲ್ಟೇಜನ್ನು ಅಳೆದು ಅಂಕಿಗಳಾಗಿಸುವ ಚಿಪ್, ಅದರ ಒಂದೊಂದು ಅಳತೆಯೂ ಒಂದು ಸ್ಯಾಂಪಲ್. ಸೆಕೆಂಡಿಗೆ 4 ಕೋಟಿ ಸ್ಯಾಂಪಲ್‌ಗಳನ್ನಷ್ಟೇ ತೆಗೆಯುವ ಎಡಿಸಿಯ ಡೇಟಾಶೀಟಿನಲ್ಲಿ ಇನ್‌ಪುಟ್ ಬ್ಯಾಂಡ್‌ವಿಡ್ತ್ 300 ಮೆಗಾಹರ್ಟ್ಸ್ ಎಂದಿರುವುದು ಅಚ್ಚಿನ ತಪ್ಪೇ ಎಂದು ಕೇಳಿದ್ದೀಯ. ಅಲ್ಲ. ಎಷ್ಟು ಅಗಲದ ಸಂಕೇತವನ್ನು ಗೊಂದಲವಿಲ್ಲದೆ ಹಿಡಿಯಬಹುದೆಂಬುದನ್ನು ಸ್ಯಾಂಪ್ಲಿಂಗ್ ದರ ಹೇಳುತ್ತದೆಯೇ ಹೊರತು, ಆ ಸಂಕೇತ ಯಾವ ಎತ್ತರದಲ್ಲಿ, ಅಂದರೆ ಯಾವ ಆವರ್ತನದಲ್ಲಿ, ಇರಬೇಕೆಂದು ಹೇಳುವುದಿಲ್ಲ. ಆ ಎತ್ತರದವರೆಗೆ ಆ ಕ್ಷಣದ ವೋಲ್ಟೇಜನ್ನು ಹಿಡಿದಿಡುವ, ಒಳಗಿನ ಸ್ಯಾಂಪಲ್ ಅಂಡ್ ಹೋಲ್ಡ್ ಸರ್ಕ್ಯೂಟು ವೋಲ್ಟೇಜಿನ ಬೆನ್ನು ಬಿಡದೆ ಓಡಬಲ್ಲದೇ ಎಂಬುದು ಬ್ಯಾಂಡ್‌ವಿಡ್ತ್‌ನ ಪ್ರಶ್ನೆ.

ಇಲ್ಲಿಗೆ ಬಂದಾಗಲೆಲ್ಲ ನೀನು ಕಣ್ಣರಳಿಸಿ ನೋಡುತ್ತಿದ್ದ, 1982ರಿಂದ ಉಪಗ್ರಹಗಳನ್ನು ಕಾಯುತ್ತಿರುವ ಇಸ್ರೋ ಕೇಂದ್ರದ ಡಿಶ್‌ಗಳು ನೆನಪಿರಬೇಕು. ಉಪಗ್ರಹ ರಿಸೀವರುಗಳಲ್ಲಿ ಸಂಕೇತವನ್ನು 70 ಮೆಗಾಹರ್ಟ್ಸ್‌ಗೆ ಇಳಿಸಿಕೊಳ್ಳುವುದು ಹಳೆಯ ರೂಢಿ, ನಿನ್ನ ರಿಸೀವರಿನದೂ ಅದೇ. ಅದರ ಅಗಲ ಬರೀ 5 ಮೆಗಾಹರ್ಟ್ಸ್ ಆದ್ದರಿಂದ ಈ ಎಡಿಸಿಯ ದರವೇ ಧಾರಾಳವಾಯಿತು. 70 ಎಂಬುದು ಸ್ಯಾಂಪ್ಲಿಂಗ್ ದರ 40ರ ಎರಡರಷ್ಟಾದ 80ರಿಂದ ಮಡಚಿಕೊಂಡು 10 ಮೆಗಾಹರ್ಟ್ಸ್‌ನಲ್ಲಿ, ಮೇಲಿನದು ಕೆಳಗಾಗಿ, ಕಾಣುತ್ತದೆ. ಬ್ಯಾಂಡ್‌ವಿಡ್ತ್ 70ಕ್ಕೇ ಮುಗಿದಿದ್ದರೆ ಅಲ್ಲಿ 1 ವೋಲ್ಟ್ 0.7ಕ್ಕೆ ಇಳಿಯುತ್ತಿತ್ತು. 300 ಇರುವುದರಿಂದ ಆ ಚಿಂತೆಯಿಲ್ಲ, ಆದರೆ ಸಂಕೇತದ ಆಕಾರ ಎಷ್ಟು ಕೆಡುತ್ತದೆಂಬ ವಿಕೃತಿಯ ಅಂಕಿಗಳನ್ನು ಡೇಟಾಶೀಟಿನಲ್ಲಿ 70ರ ಆಸುಪಾಸಿನಲ್ಲೇ ನೋಡು.

ಅಗಲವಾದ ಬಾಗಿಲಿನಿಂದ ಬೇಡದವರೂ ಬರುತ್ತಾರೆ, ಪುಟ್ಟಿ. ಎಡಿಸಿಯ ಮುಂದೆ 70ರ ಸುತ್ತಲಿನದನ್ನು ಮಾತ್ರ ಬಿಡುವ ಫಿಲ್ಟರ್ ಇಲ್ಲದಿದ್ದರೆ 10, 30, 50, 90, 110 ಎಲ್ಲವೂ ಬಂದು ಅದೇ 10ರ ಮೇಲೆ ಕೂರುತ್ತವೆ, ಗದ್ದಲವೂ ಹಾಗೆಯೇ ಮಡಚಿಕೊಂಡು ರಾಶಿಯಾಗುತ್ತದೆ. ಅನುಭವವಿಲ್ಲದ ದಿನಗಳಲ್ಲಿ ನಾನು ಆ ಫಿಲ್ಟರನ್ನು ಬಿಟ್ಟು, ನನ್ನ ಸಂಕೇತದ ಮೇಲೆ ಕುಣಿಯುತ್ತಿದ್ದ ಇನ್ನೊಂದು ಸಂಕೇತ 90ರ ಹತ್ತಿರದ ಎಫ್‌ಎಂ ರೇಡಿಯೋ ಎಂದು ತಿಳಿಯಲು ಎರಡು ದಿನ ಕಳೆದೆ. ಒಮ್ಮೆ ಮಡಚಿಕೊಂಡದ್ದನ್ನು ಮುಂದೆ ಯಾವ ಪ್ರೋಗ್ರಾಮಿನಿಂದಲೂ ಬಿಡಿಸಲಾಗದು.

ಇದಕ್ಕಿಂತ ನನ್ನನ್ನು ಕಾಡುವುದು, ಯಾವ ಗಳಿಗೆಯಲ್ಲಿ ಸ್ಯಾಂಪಲ್ ತೆಗೆಯಬೇಕೆಂದು ಎಡಿಸಿಗೆ ಹೇಳುವ ನಿನ್ನ ಕ್ಲಾಕ್. ಅದರ ಅಂಚು 1 ಪಿಕೊಸೆಕೆಂಡ್ ಅಲುಗಿದರೂ 10 ಮೆಗಾಹರ್ಟ್ಸ್ ಸಂಕೇತಕ್ಕೆ 84 ಡೆಸಿಬೆಲ್ ಶುದ್ಧತೆ ಸಿಗುತ್ತದೆ, 70ಕ್ಕಾದರೆ 67 ಮಾತ್ರ. ಪರದೆಯ ಮೇಲೆ 10 ಎಂದು ಕಂಡರೂ ಸ್ಯಾಂಪಲ್ ತೆಗೆದ ಗಳಿಗೆಯಲ್ಲಿ ವೋಲ್ಟೇಜ್ 70ರ ವೇಗದಲ್ಲೇ ಓಡುತ್ತಿರುತ್ತದಲ್ಲವೇ? ಹಾಗಾಗಿ 14 ಬಿಟ್‌ಗಳ ನಿಖರತೆಗೆ ದುಡ್ಡು ಕೊಟ್ಟು 11ರದ್ದನ್ನಷ್ಟೇ ಪಡೆಯುವೆ. ವೇಗದ ಎಡಿಸಿಗೆಂದು ತೆಗೆದಿಟ್ಟ ಹಣವನ್ನು, ಕ್ಲಾಕ್ ಹುಟ್ಟಿಸುವ ಒಳ್ಳೆಯ ಆಸಿಲೇಟರಿಗೂ ಫಿಲ್ಟರಿಗೂ ಹಾಕು. ಆರ್ಡರ್ ಮಾಡುವ ಮೊದಲು ಆಸಿಲೇಟರಿನ ಜಿಟರ್ (ಅಂಚಿನ ಆ ಅಲುಗಾಟ) ಅಂಕಿಯನ್ನು ನನಗೆ ಬರೆದು ಕಳಿಸು, ಇಬ್ಬರೂ ಕೂತು ಲೆಕ್ಕ ಹಾಕೋಣ.

ನಿನ್ನ ದೊಡ್ಡಪ್ಪ