ಹಳ್ಳದ ಕರೆಂಟಿಗೆ ಒಂದು ಮೀಟರ್ ಪೈಪ್ ಕೊಡಿ

ಆತ್ಮೀಯರೇ, ನಮಸ್ಕಾರ.

ಮೊದಲೇ ಹೇಳಿಬಿಡುತ್ತೇವೆ, ಇದು ದುಡ್ಡು ಕೇಳುವ ಪತ್ರ. ಹಳ್ಳದ ನೀರಿನಿಂದ ಕರೆಂಟ್ ಮಾಡುವ ನಮ್ಮೂರ ಯಂತ್ರ ಕಳೆದ ಮಳೆಗಾಲದಲ್ಲಿ ಕೆಟ್ಟಿತು, ಅದರ ರಿಪೇರಿಗೆ ಬೇಕಾಗಿರುವುದು 1,60,000 ರೂಪಾಯಿ. ಯಾಕೆ ಬೇಕು, ನಾವೇ ಎಷ್ಟು ಹಾಕಿದ್ದೇವೆ ಎಂಬುದೆಲ್ಲ ಕೆಳಗಿದೆ. ಪೂರ್ತಿ ಓದಿ. ಕೊಡುವುದು ಬಿಡುವುದು ನಿಮಗೆ ಬಿಟ್ಟಿದ್ದು.

ನಮ್ಮೂರು ಖಾನಾಪುರ ತಾಲ್ಲೂಕಿನಲ್ಲಿ, ಕಣಕುಂಬಿ ಕಡೆಯ ಕಾಡಿನ ಅಂಚಿಗೆ ಇದೆ. 38 ಮನೆ. ಮಲಪ್ರಭೆ ಹುಟ್ಟುವುದು ಕಣಕುಂಬಿಯಲ್ಲೇ ಅಲ್ವಾ? ಅಲ್ಲಿಂದ 304 ಕಿಲೋಮೀಟರ್ ಹರಿದು ಬಾಗಲಕೋಟೆ ಜಿಲ್ಲೆಯ ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರುತ್ತಾಳೆ. ನಮ್ಮ ಹಿತ್ತಲ ಹಳ್ಳವೂ ಅವಳಿಗೇ ಸೇರುವಂಥದ್ದು. ಮೇ ತಿಂಗಳಲ್ಲಿ ದನ ನಿಂತು ಕುಡಿದರೆ ಮುಗಿಯಿತು ಅನ್ನುವಷ್ಟು ನೀರು. ಜುಲೈನಲ್ಲಿ ದಂಡೆಗೆ ನಿಂತು ಮಾತಾಡಿದರೆ ಪಕ್ಕದವರಿಗೆ ಕೇಳಿಸುವುದಿಲ್ಲ.

ನಮ್ಮಲ್ಲಿ ಲೈನ್ ಕರೆಂಟ್ ಇಲ್ಲ ಅಂತ ತಿಳಿಯಬೇಡಿ, ಇದೆ. ಆದರೆ ತಂತಿ ಬರುವುದು ಕಾಡಿನೊಳಗಿಂದ. ಮಳೆಗಾಲದಲ್ಲಿ ಒಂದು ಮರ ಬಿದ್ದರೆ ಮೂರು ದಿನ ಕತ್ತಲೆ, ಎರಡು ಬಿದ್ದರೆ ವಾರ. ಲೈನ್‌ಮ್ಯಾನ್‌ಗಳನ್ನು ಬೈದು ಪ್ರಯೋಜನವಿಲ್ಲ. ಆ ಮಳೆಯಲ್ಲಿ, ಆ ಕೆಸರಿನಲ್ಲಿ ಅವರು ಕಂಬ ಹತ್ತುವುದನ್ನು ನಾವೇ ನೋಡಿದ್ದೇವೆ. ಆದರೆ ನಮಗೆ ಒಂದು ವಿಷಯ ಬಹಳ ದಿನ ಚುಚ್ಚುತ್ತಿತ್ತು. ತಂತಿ ಕಡಿದುಹಾಕುವ ಮಳೆಯೇ ಹಳ್ಳವನ್ನೂ ತುಂಬಿಸುತ್ತದೆ. ಊರಿಗೆ ಊರೇ ಕತ್ತಲಲ್ಲಿ ಕೂತಾಗ ಹಿತ್ತಲಲ್ಲಿ ಅಷ್ಟು ನೀರು ಸುಮ್ನೆ ಹರಿದು ಹೋಗುತ್ತಿರುತ್ತದೆ.

ನೀರಿನ ಬಲದಿಂದ ಯಂತ್ರ ತಿರುಗಿಸುವುದು ಬೆಳಗಾವಿ ಜಿಲ್ಲೆಗೆ ಹೊಸದೇನಲ್ಲ. ಗೋಕಾಕದಲ್ಲಿ ಘಟಪ್ರಭೆ 52 ಮೀಟರ್ ಕೆಳಗೆ ಧುಮುಕುತ್ತಾಳೆ. ಆ ನೀರಿನ ಬಲವನ್ನು 1887ರಲ್ಲೇ ಅಲ್ಲಿನ ನೂಲಿನ ಗಿರಣಿಗೆ ಬಳಸಿಕೊಂಡಿದ್ದರು. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋದದ್ದು 1902ರಲ್ಲಿ. ಅವೆಲ್ಲ ದೊಡ್ಡವರ ಕೆಲಸ. ನಮ್ಮದು ಬರೀ 5 ಕಿಲೋವ್ಯಾಟ್.

ಲೆಕ್ಕ ಹೇಳುತ್ತೇವೆ, ಸುಲಭವಿದೆ. ಎಷ್ಟು ಎತ್ತರದಿಂದ ಎಷ್ಟು ನೀರು ಬೀಳುತ್ತದೆ ಅನ್ನುವುದಷ್ಟೇ ಮುಖ್ಯ. ನಮ್ಮಲ್ಲಿ ಎತ್ತರ 24 ಮೀಟರ್, ನೀರು ಸೆಕೆಂಡಿಗೆ 40 ಲೀಟರ್. ಎರಡನ್ನೂ ಗುಣಿಸಿ, ಮತ್ತೆ 9.81ರಿಂದ (ಭೂಮಿಯ ಸೆಳೆತದ ಲೆಕ್ಕ) ಗುಣಿಸಿದರೆ ಸುಮಾರು 9,400 ವ್ಯಾಟ್. ಪೈಪು, ಟರ್ಬೈನು (ನೀರಿನ ಬಲಕ್ಕೆ ತಿರುಗುವ ಯಂತ್ರ), ಬೆಲ್ಟು, ಜನರೇಟರು ಎಲ್ಲವೂ ತಮ್ಮ ತಮ್ಮ ಪಾಲು ತಿಂದು, ತಂತಿಗೆ ಬರುವುದು ಅರ್ಧಕ್ಕಿಂತ ತುಸು ಜಾಸ್ತಿ. ಮನೆಗೆ 100 ವ್ಯಾಟ್ ಎಂದು ಕಟ್ಟು ಹಾಕಿದ್ದೇವೆ. ನಾಲ್ಕು ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜು, ಒಂದು ಸಣ್ಣ ಟಿವಿ. ಯಾರಾದರೂ ಸಂಜೆ ಮಿಕ್ಸರ್ ಹಾಕಿದರೆ ಅವರ ಮನೆಯ ಸ್ವಿಚ್ ತಾನಾಗಿ ಬೀಳುತ್ತದೆ. ಯಾರು ಚಟ್ನಿ ಅರೆಯಲು ಹೋದರು ಅಂತ ಊರಿಗೆಲ್ಲ ಗೊತ್ತಾಗುತ್ತದೆ, ಅದು ಬೇರೆ ಮಾತು. ಹಗಲು ಬಲ್ಬು ಉರಿಯದಿದ್ದಾಗ ಅದೇ ಕರೆಂಟಿನಲ್ಲಿ ಹಿಟ್ಟಿನ ಗಿರಣಿ ಓಡುತ್ತದೆ.

ಮೊಣಕಾಲೆತ್ತರದ ಒಡ್ಡಿನಿಂದ ನೀರು ತೊಟ್ಟಿಗೆ ಬರುತ್ತದೆ. ತೊಟ್ಟಿಯಲ್ಲಿ ಮರಳು ಕೆಳಗೆ ಕೂರುತ್ತದೆ, ತಿಳಿನೀರು ಪೈಪಿಗಿಳಿಯುತ್ತದೆ. ಟರ್ಬೈನ್ ತಿರುಗಿಸಿದ ಮೇಲೆ ಒಂದು ಹನಿಯೂ ಕಡಿಮೆಯಾಗದೆ ಮತ್ತೆ ಹಳ್ಳಕ್ಕೇ. ಇದನ್ನು ಒತ್ತಿ ಹೇಳುತ್ತಿದ್ದೇವೆ. ನೀರು ತಿರುಗಿಸುತ್ತೇವೆ ಅಂದರೆ ಸಾಕು, ನಮ್ಮ ಭಾಗದಲ್ಲಿ ಎಲ್ಲರ ಕಿವಿ ನೆಟ್ಟಗಾಗುತ್ತದೆ. ನಾವು ಯಾರ ಪಾಲಿನ ನೀರನ್ನೂ ತೆಗೆದುಕೊಂಡಿಲ್ಲ.

ಪ್ರತಿ ಮನೆಯಲ್ಲೂ ಒಂದು ಎರಡು ಕಡೆಯ ಸ್ವಿಚ್ ಇದೆ. ಮೇಲಕ್ಕೆ ಎತ್ತಿದರೆ ಲೈನ್ ಕರೆಂಟು, ಕೆಳಗೆ ಒತ್ತಿದರೆ ಹಳ್ಳದ ಕರೆಂಟು. ಎರಡೂ ಒಟ್ಟಿಗೆ ಸೇರಲಾರವು. ಸೇರಿದರೆ ನಮ್ಮ ಕರೆಂಟು ತಂತಿಯಲ್ಲಿ ಹಿಂದಕ್ಕೆ ಹೋಗಿ, ಲೈನ್ ಸತ್ತಿದೆ ಅಂತ ನಂಬಿ ಕಂಬ ಹತ್ತಿದವನ ಜೀವ ತೆಗೆಯುತ್ತದೆ. ಈ ಸ್ವಿಚ್ಚಿಗೆ ಖರ್ಚು ಜಾಸ್ತಿ ಆಯಿತು. ಆದರೂ ಅದರಲ್ಲಿ ಉಳಿತಾಯ ಮಾಡಲಿಲ್ಲ.

ಯಂತ್ರದ ಮನೆಯ ಪಕ್ಕದಲ್ಲಿ ಒಂದು ನೀರಿನ ಡ್ರಮ್ ಇಟ್ಟಿದ್ದೇವೆ. ಊರು ಬಳಸದೆ ಉಳಿದ ಕರೆಂಟ್ ಎಲ್ಲಿಯಾದರೂ ಹೋಗಲೇಬೇಕು. ಇಲ್ಲದಿದ್ದರೆ ಟರ್ಬೈನ್ ಹುಚ್ಚು ಹಿಡಿದಂತೆ ತಿರುಗಿ ಬಲ್ಬುಗಳೆಲ್ಲ ಸುಟ್ಟುಹೋಗುತ್ತವೆ. ಅದಕ್ಕೆ ಕಂಟ್ರೋಲರ್ ಪೆಟ್ಟಿಗೆ ಆ ಉಳಿಕೆಯನ್ನು ಡ್ರಮ್ಮಿನ ಹೀಟರ್‌ಗೆ ಕಳಿಸುತ್ತದೆ. ಬೆಳಗ್ಗೆ ಎದ್ದರೆ ಬಿಸಿನೀರು. ಬಾಣಂತಿ ಇರುವ ಮನೆಯವರಿಗೆ ಮೊದಲ ಕೊಡ, ಇದು ಯಾರೂ ಬರೆದಿಡದ ನಿಯಮ. ಇನ್ನೊಂದು ಉಪಯೋಗ ಆಮೇಲೆ ತಿಳಿಯಿತು. ಜಾಲರಿಗೆ ಎಲೆ ಕಟ್ಟಿ ನೀರು ಕಮ್ಮಿಯಾದರೆ ಮೊದಲು ಕಡಿಮೆಯಾಗುವುದು ಆ ಉಳಿಕೆಯೇ. ಡ್ರಮ್ ತಣ್ಣಗಿದ್ದರೆ ಒಡ್ಡಿನ ಹತ್ತಿರ ಹೋಗುವ ಹೊತ್ತಾಗಿದೆ ಎಂದರ್ಥ. ಯಂತ್ರ ನೋಡಿಕೊಳ್ಳುವ ಇಬ್ಬರು ಹುಡುಗರು ರಾತ್ರಿ ಡ್ರಮ್ ಮುಟ್ಟಿ ನೋಡಿ, ಕೊಪ್ಪೆ ಹೊದ್ದು, ಬ್ಯಾಟರಿ ಹಿಡಿದು ಹೊರಡುತ್ತಾರೆ. ಸರಳಿನ ಜಾಲರಿಯಿಂದ ಎಲೆ, ಕೊಂಬೆ, ಕೆಲವು ಸಲ ಏಡಿಗಳನ್ನೂ ಕೈಯಲ್ಲೇ ಎಳೆದು ಹಾಕಬೇಕು. ಅವರಿಗೆ ತಿಂಗಳಿಗೆ ಇಬ್ಬರಿಗೂ ಸೇರಿ 3,000 ರೂಪಾಯಿ. ಕಡಿಮೆ ಅಂತ ನಮಗೂ ಗೊತ್ತು.

ಈಗ ದುಡ್ಡಿನ ಮಾತು. ಮನೆಗೆ ತಿಂಗಳಿಗೆ 120 ರೂಪಾಯಿ ವಂತಿಗೆ. ಯಂತ್ರ ಓಡುವುದು ಜೂನ್‌ನಿಂದ ಜನವರಿವರೆಗೆ, ಎಂಟು ತಿಂಗಳು. ವರ್ಷಕ್ಕೆ 36,480 ರೂಪಾಯಿ ಬರುತ್ತದೆ. ಹುಡುಗರಿಗೆ 24,000 ಹೋಗುತ್ತದೆ. ಗ್ರೀಸು, ಬೆಲ್ಟು ಅಂತ ಇನ್ನಷ್ಟು. ಕೈಯಲ್ಲಿ ಉಳಿಯುವುದು ಏನು ಅಂತ ನೀವೇ ಲೆಕ್ಕ ಹಾಕಿ. ಯಂತ್ರ ಕೂರಿಸುವಾಗ ಅನುದಾನ ಸಿಕ್ಕಿತ್ತು, ರಿಬ್ಬನ್ ಕತ್ತರಿಸಿದರು, ಫೋಟೋ ಬಂತು. ಎರಡನೇ ವರ್ಷ ಆಗಸ್ಟ್‌ನಲ್ಲಿ ಒಂದು ಬೇರಿಂಗ್ ಹೋಯಿತು. ಬೆಲೆ ಕೆಲವು ನೂರು ರೂಪಾಯಿ. ಆ ಅನುದಾನದಲ್ಲಿ ರಿಪೇರಿಗೆ ಅಂತ ಒಂದು ರೂಪಾಯಿಯೂ ಇರಲಿಲ್ಲ, ತಂದುಕೊಡುವವರೂ ಇರಲಿಲ್ಲ. ಹನ್ನೊಂದು ದಿನ ಕತ್ತಲೆ. ಹೊಸದಕ್ಕೆ ಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ. ಹಳೆಯದರ ರಿಪೇರಿಗೆ ಕೊಡುವವರು ಸಿಗುವುದಿಲ್ಲ. ಆಮೇಲೆ ನಾವೇ ಕಲಿತೆವು. ಈಗ ಬೇರಿಂಗ್ ಬದಲಿಸಲು ಯಾರನ್ನೂ ಕರೆಯುವುದಿಲ್ಲ, ಒಂದು ಜೊತೆ ಯಾವಾಗಲೂ ಗೂಡಿನಲ್ಲಿ ಇರುತ್ತದೆ.

ಆದರೆ ಕಳೆದ ಮಳೆಗಾಲ ನಮ್ಮ ಕೈ ಮೀರಿತು. ಒಂದೇ ರಾತ್ರಿ ಹಳ್ಳ ಏರಿ ಒಡ್ಡಿನ ಎಡಗಡೆ ಕಿತ್ತುಕೊಂಡು ಹೋಯಿತು. 110 ಮೀಟರ್ ಪೈಪಿನಲ್ಲಿ 60 ಮೀಟರ್ ಇಲ್ಲ. ಒಂದು ತುಂಡು ಎರಡು ಕಿಲೋಮೀಟರ್ ಕೆಳಗೆ ಗದ್ದೆಯಲ್ಲಿ ಸಿಕ್ಕಿತು, ಕಬ್ಬಿನ ಸಿಪ್ಪೆಯ ಹಾಗೆ ಸೀಳಿಹೋಗಿತ್ತು. ಟರ್ಬೈನಿನೊಳಗೆ ಮರಳು ಹೊಕ್ಕು ಅಲಗುಗಳನ್ನು ತಿಂದುಹಾಕಿದೆ. ಬೆರಳಿಟ್ಟು ನೋಡಿದರೆ ಅಂಚು ಹಳೇ ಕುಡುಗೋಲಿನ ಹಾಗೆ ಗರಗರ ಅನ್ನುತ್ತದೆ.

ಒಡ್ಡು ಮತ್ತು ತೊಟ್ಟಿ ಕಟ್ಟಲು 1,10,000. ಈ ಸಲ ತಳಪಾಯ ಬಂಡೆಗೇ ಕೂರಬೇಕು, ಅದಕ್ಕೇ ಇಷ್ಟು. 8 ಇಂಚಿನ ಪೈಪಿಗೆ ಮೀಟರ್‌ಗೆ 1,200ರ ಹಾಗೆ 72,000. ಟರ್ಬೈನಿನ ಚಕ್ರವನ್ನು ಬೆಳಗಾವಿಯ ಉದ್ಯಮಬಾಗ ಕೈಗಾರಿಕಾ ಪ್ರದೇಶದಲ್ಲೇ ಮಾಡಿಸುತ್ತೇವೆ, ಬೇರಿಂಗ್ ಸೇರಿ 48,000. ಸಾಗಣೆ, ಪೈಪ್ ಜೋಡಣೆಗೆ 20,000. ಒಟ್ಟು ಎರಡೂವರೆ ಲಕ್ಷ. ಊರಿನವರು ಗೋಡಂಬಿ ಮಾರಿದ ದುಡ್ಡು, ಸಂಘದ ಉಳಿತಾಯ ಎಲ್ಲ ಸೇರಿಸಿ 90,000 ಕೊಟ್ಟಿದ್ದಾರೆ. ಕಲ್ಲು ಹೊರುವ, ಅಗೆಯುವ ಕೆಲಸಕ್ಕೆ ಮನೆಗೊಬ್ಬರು ಬರುತ್ತಾರೆ, ಅದಕ್ಕೆ ಕೂಲಿ ಹಿಡಿದಿಲ್ಲ. ಪೈಪ್ ಹಾದುಹೋಗುವ ಮಾಲ್ಕಿ ಜಮೀನಿನವರು ಒಂದು ಪೈಸೆಯನ್ನೂ ಕೇಳಿಲ್ಲ.

ಸೋಲಾರ್ ಹಾಕಬಾರದಾ ಅಂತ ಬಹಳ ಜನ ಕೇಳುತ್ತಾರೆ. ಹಾಕಬಹುದು, ಬೇಸಿಗೆಗೆ ಅದೇ ಸರಿ. ಹಳ್ಳ ಬತ್ತುವ ಫೆಬ್ರವರಿಯಿಂದ ಮೇ ತನಕ ಬಿಸಿಲಿಗೇನೂ ಬರವಿಲ್ಲ. ಆದರೆ ನಮ್ಮಲ್ಲಿ ಜುಲೈನಲ್ಲಿ ಸೂರ್ಯನನ್ನು ಕಂಡವರು ಬಂದು ಸುದ್ದಿ ಹೇಳಬೇಕು, ಹಾಗಿರುತ್ತದೆ ಮಳೆ.

ಒಂದು ಮೀಟರ್ ಪೈಪಿಗೆ 1,200 ರೂಪಾಯಿ. ಒಬ್ಬರೇ ಕೊಡಬಹುದು, ನಾಲ್ಕು ಜನ ಸೇರಿಯೂ ಕೊಡಬಹುದು. 100 ರೂಪಾಯಿ ಕೊಟ್ಟವರಿಗೂ ರಸೀದಿ ಇದೆ. ಈ ಪತ್ರ ಕಳಿಸುತ್ತಿರುವ ನಮ್ಮ ಟ್ರಸ್ಟ್‌ಗೆ ತೆರಿಗೆ ಇಲಾಖೆಯಲ್ಲಿ ದಾನದ ನೋಂದಣಿ ಇನ್ನೂ ಆಗಿಲ್ಲ, ಹಾಗಾಗಿ ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಸಿಗುವುದಿಲ್ಲ. ಇದನ್ನು ಮುಚ್ಚಿಟ್ಟು ದುಡ್ಡು ತೆಗೆದುಕೊಳ್ಳಲು ಮನಸ್ಸಿಲ್ಲ. ದಾನಿಗಳ ಹೆಸರನ್ನು ಗೋಡೆಗೆ ಬರೆಸುವುದೂ ಇಲ್ಲ. ಟ್ಯೂಬ್‌ಲೈಟಿನ ಮೇಲೆ ಹೆಸರು ಬರೆಸಿ ಬೆಳಕೇ ಕಮ್ಮಿಯಾದ ದೇವಸ್ಥಾನಗಳನ್ನು ನೀವೂ ನೋಡಿರುತ್ತೀರಿ. ಬದಲಿಗೆ ಲೆಕ್ಕದ ಪುಸ್ತಕ ಇದೆ, ಕನ್ನಡ ಮರಾಠಿ ಎರಡರಲ್ಲೂ ಬರೆಯುತ್ತೇವೆ. ಪ್ರತಿ ಅಮಾವಾಸ್ಯೆಗೆ ಗುಡಿ ಕಟ್ಟೆಯ ಮೇಲೆ ಗಟ್ಟಿಯಾಗಿ ಓದುತ್ತೇವೆ. ಬಂದು ಕೂತು ಕೇಳಬಹುದು, ಊಟ ಮಾಡಿಕೊಂಡು ಹೋಗಬಹುದು.

ಹೆಚ್ಚಿಗೆ ಬಂದ ದುಡ್ಡನ್ನು ರಿಪೇರಿ ಅಂತಲೇ ಬೇರೆ ಖಾತೆಯಲ್ಲಿ ಇಡುತ್ತೇವೆ, ಬೇರೆ ಯಾವುದಕ್ಕೂ ಮುಟ್ಟುವುದಿಲ್ಲ. ಖಾತೆಯ ವಿವರ ಈ ಪತ್ರದ ಜೊತೆಗಿನ ಚೀಟಿಯಲ್ಲಿದೆ. ದುಡ್ಡಿನ ಬದಲು ಕೆಲಸ ಕೊಡುವವರಿದ್ದರೆ, ಅಂದರೆ ಪೈಪ್ ಬೆಸುಗೆ ಬಲ್ಲವರು, ಗೌಂಡಿಗಳು, ಅವರಿಗೆ ಇನ್ನೂ ದೊಡ್ಡ ನಮಸ್ಕಾರ.

ಸಾಮಾನೆಲ್ಲ ಮೇ 20ರೊಳಗೆ ಹಳ್ಳ ಮುಟ್ಟಬೇಕು. ಮೊದಲ ಮಳೆ ಬಿದ್ದ ಮೇಲೆ ನಮ್ಮ ದಾರಿಯಲ್ಲಿ ಟ್ರ್ಯಾಕ್ಟರ್ ಬರುವುದಿಲ್ಲ, ಪೈಪನ್ನು ಹೆಗಲ ಮೇಲೆ ಹೊತ್ತು ತರಬೇಕಾಗುತ್ತದೆ.

ಇಂತಿ,
ಟ್ರಸ್ಟ್‌ನ ಕಾರ್ಯದರ್ಶಿ ಮತ್ತು 38 ಮನೆಯವರು