ಬಹಿಷ್ಕಾರದ ನಿರ್ಣಯಕ್ಕೆ ಸಹಿ ಕೇಳಿದ ಗೆಳೆಯನಿಗೆ

ಪ್ರಿಯ ಗೆಳೆಯ,

ಮಂಗಳೂರಿನಿಂದ ವಂದನೆಗಳು. ನೆರೆಯ ದೇಶವೊಂದರ ಸರಕನ್ನು ಇನ್ನು ಮುಂದೆ ಮಾರುವುದಿಲ್ಲವೆಂಬ ನಿರ್ಣಯಕ್ಕೆ ಉಡುಪಿಯ ನಿಮ್ಮ ವರ್ತಕರು ಸಹಿ ಸಂಗ್ರಹಿಸುತ್ತಿರುವುದು ತಿಳಿಯಿತು. ಕೊಳ್ಳದಿರುವುದು, ಮಾರದಿರುವುದು ಎಲ್ಲರ ಹಕ್ಕು. ಅಧಿಕಾರವಿಲ್ಲದವರ ಕೈಯಲ್ಲಿರುವ ಕೆಲವೇ ಆಯುಧಗಳಲ್ಲಿ ಅದೂ ಒಂದು. ಆದರೆ ಪೆಟ್ಟು ಯಾರ ಮೇಲೆ ಬೀಳುತ್ತದೆ, ಪೆಟ್ಟು ತಿಂದವನು ಏನು ಮಾಡಿದರೆ ಅದು ನಿಲ್ಲುತ್ತದೆ ಎಂಬುದು ತಿಳಿಯುವವರೆಗೆ ನಾನು ಸಹಿ ಹಾಕಲಾರೆ.

ಬ್ರಿಟಿಷ್ ಸರ್ಕಾರ ಬಂಗಾಳವನ್ನು ಎರಡಾಗಿ ಒಡೆಯಲು ಹೊರಟಾಗ, ಆ ವಂಗಭಂಗವನ್ನು ವಿರೋಧಿಸಿ 1905ರ ಆಗಸ್ಟ್ 7ರಂದು ಕಲ್ಕತ್ತೆಯ ಟೌನ್ ಹಾಲ್‌ನಲ್ಲಿ ಬಹಿಷ್ಕಾರದ ನಿರ್ಣಯವಾದಾಗ ಬೇಡಿಕೆಯೂ ಸ್ಪಷ್ಟವಿತ್ತು, ಅದನ್ನು ಈಡೇರಿಸಬಲ್ಲವರು ಯಾರೆಂಬುದೂ ಸ್ಪಷ್ಟವಿತ್ತು. 1911ರಲ್ಲಿ ವಿಭಜನೆ ರದ್ದಾಯಿತು. ಆದರೆ ಪೂರ್ವ ಬಂಗಾಳದ ಹಳ್ಳಿ ಸಂತೆಗಳಲ್ಲಿ ನಡೆದದ್ದೇ ಬೇರೆ. ಸ್ವದೇಶಿ ಬಟ್ಟೆ ಮ್ಯಾಂಚೆಸ್ಟರ್ ಬಟ್ಟೆಗಿಂತ ದುಬಾರಿಯಾಗಿತ್ತು. ಅಗ್ಗದ ವಿಲಾಯಿತಿ ಬಟ್ಟೆಯನ್ನು ಕೊಳ್ಳುತ್ತಿದ್ದವರಲ್ಲೂ ಮಾರುತ್ತಿದ್ದವರಲ್ಲೂ ಬಡ ಮುಸ್ಲಿಮರು, ದಲಿತ ನಾಮಶೂದ್ರರು ಬಹಳಷ್ಟಿದ್ದರು. ಅವರನ್ನು ತಡೆಯಲು ಹಿಂದೂ ಜಮೀನ್ದಾರರ ಆಳುಗಳೂ ಸ್ವಯಂಸೇವಕರೂ ಸಂತೆಗೆ ಇಳಿದರು, ಬೆದರಿಕೆ ಹಾಕಿದರು. 1907ರಲ್ಲಿ ಕೊಮಿಲ್ಲಾ, ಜಮಾಲ್‌ಪುರಗಳಲ್ಲಿ ಹಿಂದೂ–ಮುಸ್ಲಿಂ ಗಲಭೆಗಳಾದವು. ಗಲಭೆಗಳಿಗೆ ಬೇರೆ ಕಾರಣಗಳೂ ಇದ್ದವು, ನಿಜ. ಆದರೂ ಇಂಗ್ಲೆಂಡಿನ ಗಿರಣಿ ಮಾಲೀಕನಿಗೆಂದು ಎತ್ತಿದ ಕೈ ಪಕ್ಕದ ಹಳ್ಳಿಯ ಸಣ್ಣ ವ್ಯಾಪಾರಿಯ ಮೇಲೆ ಇಳಿಯಿತೆಂಬುದನ್ನು ಹೇಗೆ ಅಲ್ಲಗಳೆಯುವುದು? 1919ರ ನವೆಂಬರ್‌ನಲ್ಲಿ ತುರ್ಕಿಯ ಖಲೀಫನ ಪರವಾಗಿ ದೆಹಲಿಯಲ್ಲಿ ನಡೆದ ಖಿಲಾಫತ್ ಸಮ್ಮೇಳನದಲ್ಲಿ ಉರ್ದು ಕವಿ, ಸ್ವಾತಂತ್ರ್ಯ ಹೋರಾಟಗಾರ ಹಸ್ರತ್ ಮೊಹಾನಿಯವರು ಬ್ರಿಟಿಷ್ ಸರಕಿನ ಬಹಿಷ್ಕಾರವನ್ನು ಸೂಚಿಸಿದಾಗ ಗಾಂಧೀಜಿ ಅದನ್ನು ವಿರೋಧಿಸಿ, ಸರ್ಕಾರದೊಂದಿಗಿನ ಅಸಹಕಾರವನ್ನು ಮುಂದಿಟ್ಟರು. ಆ ಭೇದವನ್ನು ನಾವು ಇಂದಿಗೂ ಸರಿಯಾಗಿ ಕಲಿತಿಲ್ಲವೆಂಬುದು ನನ್ನ ಕೊರಗು.

ಮಾಲ್ಡೀವ್ಸ್ ಪ್ರಕರಣ ನಮಗೆ ಇನ್ನೂ ಹತ್ತಿರದ್ದು. ಲಕ್ಷದ್ವೀಪಕ್ಕೆ ದಿನಸಿ, ತರಕಾರಿ, ಸಿಮೆಂಟು ಹೊತ್ತ ಮಂಜಿಗಳು, ಅಂದರೆ ಸರಕಿನ ನಾವೆಗಳು, ಹೊರಡುವುದು ನಮ್ಮ ಹಳೆ ಬಂದರಿನಿಂದಲೇ ಅಲ್ಲವೇ? 2024ರ ಜನವರಿಯಲ್ಲಿ ನಮ್ಮ ಪ್ರಧಾನಿಯ ಲಕ್ಷದ್ವೀಪ ಭೇಟಿಯ ಬಗ್ಗೆ ಹೀನಾಯವಾಗಿ ಬರೆದ ತನ್ನ ಮೂವರು ಉಪಸಚಿವರನ್ನು ಮಾಲ್ಡೀವ್ಸ್ ಸರ್ಕಾರ ಕೂಡಲೇ ಅಮಾನತು ಮಾಡಿತು. ಅಷ್ಟಾದರೂ ಮಾಲ್ಡೀವ್ಸ್ ಪ್ರವಾಸಕ್ಕೆ ನಮ್ಮವರು ಹಾಕಿದ ಬಹಿಷ್ಕಾರ ನಿಲ್ಲಲಿಲ್ಲ. 2023ರಲ್ಲಿ ಎರಡು ಲಕ್ಷ ದಾಟಿದ್ದ ಭಾರತೀಯ ಪ್ರವಾಸಿಗರ ಸಂಖ್ಯೆ 2024ರಲ್ಲಿ ಸುಮಾರು 1.3 ಲಕ್ಷಕ್ಕೆ ಇಳಿಯಿತು. 2025ರ ಜುಲೈನಲ್ಲಿ ಪ್ರಧಾನಿಯವರೇ ಅಲ್ಲಿನ ರಾಜಧಾನಿ ಮಾಲೆಗೆ ಅತಿಥಿಯಾಗಿ ಹೋದರು. ಸರ್ಕಾರಗಳಿಗೆ ರಾಜಿಯ ದಾರಿ ಯಾವಾಗಲೂ ತೆರೆದಿರುತ್ತದೆ. ಭಾರತೀಯ ಪ್ರವಾಸಿಗರನ್ನೇ ನಂಬಿದ್ದ ಬಡಪಾಯಿಗೆ ಕಳೆದುಹೋದ ಗಳಿಕೆ ಮರಳಿ ಬರುವುದಿಲ್ಲ. 2020ರಲ್ಲಿ ಚೀನಾ ಗಡಿಯ ಗಲ್ವಾನ್ ಘರ್ಷಣೆಯಲ್ಲಿ ನಮ್ಮ 20 ಯೋಧರು ಹುತಾತ್ಮರಾದ ಮೇಲೆ ಚೀನಾ ಸರಕಿನ ವಿರುದ್ಧ ಎಷ್ಟು ದೊಡ್ಡ ಕೂಗೆದ್ದಿತ್ತು! ಮರುವರ್ಷವೇ ಎರಡು ದೇಶಗಳ ವ್ಯಾಪಾರ 100 ಶತಕೋಟಿ ಡಾಲರ್ ದಾಟಿತು. ದೊಡ್ಡವರಿಗೆ ಬಹಿಷ್ಕಾರ ತಟ್ಟುವುದು ಅಪರೂಪ.

ಇನ್ನು ನಮ್ಮ ನೆಲದ ಮಾತು. 2022ರ ಮಾರ್ಚ್‌ನಲ್ಲಿ ಹಿಜಾಬ್ ಕುರಿತ ಹೈಕೋರ್ಟ್ ತೀರ್ಪನ್ನು ವಿರೋಧಿಸಿ ಮುಸ್ಲಿಂ ವರ್ತಕರು ಅಂಗಡಿ ಮುಚ್ಚಿದ್ದನ್ನೇ ಕಾರಣವಾಗಿಟ್ಟುಕೊಂಡು, ಕಾಪುವಿನ ಸುಗ್ಗಿ ಮಾರಿಪೂಜೆಯಲ್ಲಿ ಅವರಿಗೆ ಜಾಗ ಕೊಡಲಿಲ್ಲ. ಬಪ್ಪ ಬ್ಯಾರಿಯೆಂಬ ಮುಸ್ಲಿಂ ವರ್ತಕನೇ ಕಟ್ಟಿಸಿದನೆಂಬ ಐತಿಹ್ಯವುಳ್ಳ ಮೂಲ್ಕಿಯ ಬಪ್ಪನಾಡು ಕ್ಷೇತ್ರದ ಜಾತ್ರೆಯಲ್ಲೂ ಅವರನ್ನು ದೂರವಿಡುವ ಫಲಕ ಎದ್ದಿತು. ರಾಜ್ಯ ಸರ್ಕಾರ, ದೇವಸ್ಥಾನದ ಬಳಿಯ ಜಾಗವನ್ನು ಹಿಂದೂಯೇತರರಿಗೆ ಗುತ್ತಿಗೆ ಕೊಡಬಾರದೆನ್ನುವ 2002ರ ಧಾರ್ಮಿಕ ದತ್ತಿ ನಿಯಮವನ್ನು ತೋರಿಸಿತು. ಜಾತ್ರೆಯಿಂದ ಜಾತ್ರೆಗೆ ಅಲೆದು ಬಳೆ, ಆಟಿಕೆ ಮಾರುವವನು ಯಾವ ಬೇಡಿಕೆಯನ್ನು ಈಡೇರಿಸಿದ್ದರೆ ಅವನಿಗೆ ಮತ್ತೆ ಜಾಗ ಸಿಗುತ್ತಿತ್ತು? ಹುಟ್ಟನ್ನು ಬದಲಿಸುವುದು ಅವನಿಂದಾಗದು. ಇದನ್ನು ಪ್ರತಿಭಟನೆಯೆಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ, ಇದು ಅನ್ಯಾಯ.

ಆದ್ದರಿಂದ ನಿಮ್ಮ ಸಭೆಯಲ್ಲಿ ನನ್ನ ಪರವಾಗಿ ಇಷ್ಟನ್ನು ಕೇಳು. ಯಾವ ಸರ್ಕಾರದ ಯಾವ ಕೃತ್ಯಕ್ಕಾಗಿ ಈ ಬಹಿಷ್ಕಾರ, ಏನಾದರೆ ಅದನ್ನು ಹಿಂತೆಗೆಯುತ್ತೀರಿ ಎಂಬುದನ್ನು ನಿರ್ಣಯದಲ್ಲೇ ಬರೆಯಲಿ. ಆ ಸರಕನ್ನು ಈಗಾಗಲೇ ಸಾಲ ಮಾಡಿ ತಂದಿಟ್ಟುಕೊಂಡ ನಮ್ಮೂರಿನ ಸಣ್ಣ ಅಂಗಡಿಯವನ ನಷ್ಟವನ್ನು ಯಾರು ಹೊರುತ್ತಾರೆಂಬುದನ್ನೂ ಸೇರಿಸಲಿ. ಅದಾದ ಮೇಲೆ ಕರಡನ್ನು ಕಳುಹಿಸು, ಓದಿ ಉತ್ತರಿಸುತ್ತೇನೆ.

ಇತಿ,
ನಿನ್ನ ಗೆಳೆಯ