ಎಷ್ಟು ದಿನ ಓಡುತ್ತದೆ ಎಂದೂ ಕೇಳಿ

ಮಾನ್ಯ ಸಂಪಾದಕರೇ,

ಪಾಲಿಟೆಕ್ನಿಕ್ ಮಕ್ಕಳ ಪ್ರಾಜೆಕ್ಟ್ ಪ್ರದರ್ಶನದ ಸುದ್ದಿ ಪತ್ರಿಕೆಯಲ್ಲಿ ಓದಿ ಖುಷಿಯಾಯಿತು. ನಾನೂ ಎಲೆಕ್ಟ್ರಾನಿಕ್ಸ್ ಕಲಿಸುವವಳು. ಇಂಥ ಕಡೆ ತೀರ್ಪುಗಾರರು 'ಇದು ಏನು ಮಾಡುತ್ತದೆ?' ಎಂದು ಕೇಳುತ್ತಾರೆ. 'ಸೆಲ್ ಹಾಕಿದರೆ ಎಷ್ಟು ದಿನ ಓಡುತ್ತದೆ?' ಎಂದು ಕೇಳಿದ್ದನ್ನು ನಾನಂತೂ ನೋಡಿಲ್ಲ.

ಎರಡು ವರ್ಷದ ಹಿಂದೆ ನಮ್ಮ ಮಕ್ಕಳು ಒಂದು ಸಾಧನ ಮಾಡಿದ್ದರು. ಅಡಿಕೆ ತೋಟದ ಮಣ್ಣು ಒಣಗಿದರೆ ಎಲ್‌ಇಡಿ ಮಿನುಗಬೇಕು. ಲ್ಯಾಬಿನಲ್ಲಿದ್ದ, ಪ್ರೋಗ್ರಾಂ ತುಂಬುವ ಚಿಪ್ ಇರುವ ಮಾಮೂಲಿ ಬೋರ್ಡ್, 9 ವೋಲ್ಟ್ ಬ್ಯಾಟರಿ. ಬಹುಮಾನವೂ ಬಂತು. ಅದನ್ನು ನಮ್ಮ ಮನೆಯ ತೋಟಕ್ಕೆ ಒಯ್ದು ಸಂಜೆ ನೆಟ್ಟೆವು. ಬೆಳಿಗ್ಗೆ ನೋಡಿದರೆ ಬ್ಯಾಟರಿ ಖಾಲಿ! ಬೋರ್ಡ್ ಸುಮ್ನೆ ಕೂತರೂ 45 ಮಿಲಿಆಂಪ್ ಎಳೆಯುತ್ತಿತ್ತು. ಆ ಬ್ಯಾಟರಿಯಲ್ಲಿ ಇರುವುದೇ ಸುಮಾರು 500 ಮಿಲಿಆಂಪ್ ಅವರ್, ಅಂದರೆ 50 ಮಿಲಿಆಂಪ್ ಎಳೆದರೆ ಹತ್ತು ತಾಸಿಗೆ ಆಗುವಷ್ಟು. ಹತ್ತು-ಹನ್ನೊಂದು ತಾಸಿನ ಆಟ ಅಷ್ಟೇ ಅಲ್ವಾ? ಮುಖ್ಯ ಚಿಪ್ ಮಾತ್ರವಲ್ಲ, ಪವರ್ ಎಲ್‌ಇಡಿ, ವೋಲ್ಟೇಜ್ ಹಿಡಿತದಲ್ಲಿಡುವ ರೆಗ್ಯುಲೇಟರ್, ಯುಎಸ್‌ಬಿ ಚಿಪ್ ಎಲ್ಲವೂ ಕರೆಂಟ್ ತಿನ್ನುತ್ತಿದ್ದವು.

ಅದೇ ಕೆಲಸಕ್ಕೆ ಮರುವರ್ಷದ ಮಕ್ಕಳಿಗೆ ತೀರಾ ಕಡಿಮೆ ಕರೆಂಟಿನಲ್ಲಿ ಓಡುವ ಚಿಪ್ ಇರುವ ಎಂಎಸ್‌ಪಿ430 ಲಾಂಚ್‌ಪ್ಯಾಡ್ ಬೋರ್ಡ್ ತರಿಸಿದೆ. ಅದರ ಒಂದು ಜಂಪರ್ (ಎರಡು ಪಿನ್ ಜೋಡಿಸುವ ಪುಟ್ಟ ಕ್ಲಿಪ್) ತೆಗೆದು ಆ ಜಾಗಕ್ಕೆ ಮಲ್ಟಿಮೀಟರ್ ಸೇರಿಸಿದರೆ ಚಿಪ್ ಎಷ್ಟು ಎಳೆಯುತ್ತಿದೆ ಎಂದು ಕಣ್ಣಿಗೇ ಕಾಣುತ್ತದೆ. ಪ್ರೋಗ್ರಾಂ ತುಂಬಿದ ಮೇಲೆ ಚಿಪ್ಪನ್ನು ಸಾಕೆಟ್ಟಿನಿಂದ ಕಿತ್ತು ಬೇರೆ ಸರ್ಕ್ಯೂಟಿಗೆ ಹಾಕಬಹುದು. 1.8 ವೋಲ್ಟ್‌ಗೂ ಓಡುವುದರಿಂದ ಎರಡು ಎಎ ಸೆಲ್ ಸಾಕು, ರೆಗ್ಯುಲೇಟರ್ ಬೇಡ.

ಚಿಪ್ ಕೆಲಸವಿಲ್ಲದೆ ನಿದ್ದೆಯಲ್ಲಿದ್ದಾಗ ಎಳೆಯುವುದು ಒಂದು ಮೈಕ್ರೊಆಂಪ್‌ಗಿಂತ ಕಡಿಮೆ ಎಂದು ಡೇಟಾಶೀಟ್ (ಚಿಪ್ ತಯಾರಕರ ವಿವರಪತ್ರ) ಹೇಳುತ್ತಿತ್ತು; ಮಿಲಿಆಂಪಿನ ಸಾವಿರದಲ್ಲೊಂದು ಪಾಲೇ ಮೈಕ್ರೊಆಂಪ್. ನಮ್ಮ ಮೀಟರ್ 80 ತೋರಿಸುತ್ತಿತ್ತು. ಮಕ್ಕಳು ಮೂರು ದಿನ ತಲೆ ಕೆಡಿಸಿಕೊಂಡರು. ಕೊನೆಗೆ ಸಿಕ್ಕಿತು: ಬಳಸದ ಪಿನ್‌ಗಳನ್ನು ಎಲ್ಲಿಗೂ ಸೇರಿಸದೆ ಇನ್‌ಪುಟ್ ಆಗಿಯೇ ಬಿಟ್ಟಿದ್ದರು. ಅವನ್ನು ಔಟ್‌ಪುಟ್ ಮಾಡಿದ್ದೇ ತಡ, ಮೀಟರ್ 1ಕ್ಕೆ ಇಳಿಯಿತು. ಅವರು ಹಾಕಿದ ಕೇಕೆ ಪಕ್ಕದ ತರಗತಿಗೂ ಕೇಳಿಸಿತು.

ಸೆನ್ಸರಿಗೂ ಚಿಪ್ಪಿನ ಪಿನ್ನಿನಿಂದಲೇ ಕರೆಂಟ್ ಕೊಟ್ಟೆವು. ಅರ್ಧ ಗಂಟೆಗೊಮ್ಮೆ ಏಳುತ್ತದೆ, ಅಳೆಯುತ್ತದೆ, ಮತ್ತೆ ಮಲಗುತ್ತದೆ. ಸದಾ ಕರೆಂಟ್ ಹರಿಯುತ್ತಿದ್ದರೆ ಒದ್ದೆ ಮಣ್ಣಿನಲ್ಲಿ ಸೆನ್ಸರಿನ ಕಡ್ಡಿಗಳು ಬೇಗ ಸವೆದು ಹೋಗುತ್ತವೆ. ಹಾಗಾಗಿ ಕಡ್ಡಿಗಳೂ ಉಳಿದವು. ಕಳೆದ ದೀಪಾವಳಿಯಲ್ಲಿ ಹಾಕಿದ ಸೆಲ್‌ಗಳೇ ಈ ಬೇಸಿಗೆಯನ್ನೂ ದಾಟಿಸಿವೆ.

ಪ್ರತಿ ಪ್ರಾಜೆಕ್ಟ್ ವರದಿಯಲ್ಲಿ ಒಂದು ಪುಟ ಕರೆಂಟಿನ ಲೆಕ್ಕಕ್ಕೆ ಮೀಸಲಿಡಬೇಕು ಎಂಬುದು ನನ್ನ ಕೋರಿಕೆ. ಎದ್ದಾಗ ಎಷ್ಟು, ಮಲಗಿದಾಗ ಎಷ್ಟು, ಸೆಲ್ ಎಷ್ಟು ದಿನ ಬರುತ್ತದೆ ಎಂದು ಮಕ್ಕಳೇ ಅಳೆದು ಬರೆಯಲಿ. ಲ್ಯಾಬಿಗೆ ಮೈಕ್ರೊಆಂಪ್ ಅಳೆಯುವ ಮೀಟರ್ ಒಂದೆರಡಾದರೂ ಕೊಡಿಸಿ. ಮುಂದಿನ ಪ್ರದರ್ಶನಕ್ಕೆ ತೀರ್ಪುಗಾರರಾಗಿ ಹೋಗುವವರು, ಅಡಾಪ್ಟರ್ ಕಿತ್ತು ಸೆಲ್ ಮೇಲೆ ಓಡಿಸಿ ತೋರಿಸಲು ದಯವಿಟ್ಟು ಹೇಳಿ.

– ಪಾಲಿಟೆಕ್ನಿಕ್ ಉಪನ್ಯಾಸಕಿ, ತೀರ್ಥಹಳ್ಳಿ